ಕಾರು ಓಡಿಸದೆ ಐರ್ಲೆಂಡ್, ಇಂಗ್ಲೆಂಡ್: ಐದು ಜನರ ಕುಟುಂಬ ಯಾವ ದಾರಿ ಹಿಡಿಯಬೇಕು?

ಪ್ರಶ್ನೆ: ನಾವು ಮೈಸೂರಿನವರು. ಮಕ್ಕಳ ಬೇಸಿಗೆ ರಜೆಯಲ್ಲಿ, ಮೇ ತಿಂಗಳ ಮೊದಲರ್ಧದಲ್ಲಿ, 15 ರಾತ್ರಿಗಳಿಗೆ ಐರ್ಲೆಂಡ್ ಮತ್ತು ಇಂಗ್ಲೆಂಡಿಗೆ ಹೋಗಬೇಕು ಅಂದುಕೊಂಡಿದ್ದೇವೆ. ನಾನು, ನನ್ನ ಗಂಡ, 68 ವರ್ಷದ ಅತ್ತೆ, 12 ವರ್ಷದ ಮಗಳು, 6 ವರ್ಷದ ಮಗ. ಅತ್ತೆಗೆ ಮಂಡಿನೋವಿದೆ. ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಮಗನಿಗೆ ರೈಲಿನ ಹುಚ್ಚು. ಎಲ್ಲರೂ ಸಸ್ಯಾಹಾರಿಗಳು. ನನ್ನ ಗಂಡ ಅಲ್ಲಿ ಕಾರು ಓಡಿಸಲು ಸುತಾರಾಂ ಒಪ್ಪುತ್ತಿಲ್ಲ. ಗೊತ್ತಿರುವವರೆಲ್ಲ "ಐರ್ಲೆಂಡಿನಲ್ಲಿ ಕಾರಿಲ್ಲದೆ ಏನೂ ನೋಡಕ್ಕಾಗಲ್ಲ" ಅನ್ನುತ್ತಾರೆ. ನಮ್ಮ ಪಟ್ಟಿ ಹೀಗಿದೆ: ಡಬ್ಲಿನ್, ಗಾಲ್ವೇ, ಕ್ಲಿಫ್ಸ್ ಆಫ್ ಮೊಹರ್, ಕಿಲಾರ್ನಿ, ಬೆಲ್‌ಫಾಸ್ಟ್, ಲೇಕ್ ಡಿಸ್ಟ್ರಿಕ್ಟ್, ಯಾರ್ಕ್, ಬಾತ್, ಸ್ಟೋನ್‌ಹೆಂಜ್, ಕಾಟ್ಸ್‌ವೋಲ್ಡ್ಸ್, ಲಂಡನ್. ಇಷ್ಟೂ ಆಗುತ್ತಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಯಜಮಾನರ ಮಾತೇ ಸರಿ. ಅಲ್ಲೂ ನಮ್ಮಂತೆ ಎಡಗಡೆಯೇ ಓಡಿಸುತ್ತಾರೆ, ನಿಜ. ಆದರೆ ಪಶ್ಚಿಮ ಐರ್ಲೆಂಡಿನ ಹಳ್ಳಿ ರಸ್ತೆಗಳು ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಕಿರಿದು. ನಿದ್ದೆಗೆಟ್ಟು ವಿಮಾನ ಇಳಿದು, ಮನೆಯವರನ್ನೆಲ್ಲ ಕೂರಿಸಿಕೊಂಡು ಅಲ್ಲಿ ಸ್ಟಿಯರಿಂಗ್ ಹಿಡಿದವರು ಏನನ್ನೂ ನೋಡುವುದಿಲ್ಲ, ರಸ್ತೆಯನ್ನಷ್ಟೇ ನೋಡುತ್ತಾರೆ. ಬಸ್ಸಿನಲ್ಲಿ ಕೂತರೆ ಐವರೂ ಕಿಟಕಿಯಾಚೆ ನೋಡಬಹುದು.

ಕಾರಿಲ್ಲ ಅನ್ನುವುದು ನಿಮ್ಮ ತೊಂದರೆಯಲ್ಲ. ತೊಂದರೆ ಇರುವುದು ಪಟ್ಟಿಯಲ್ಲಿ. 15 ರಾತ್ರಿಗೆ 11 ಜಾಗ ಅಂದರೆ ದಿನ ಬಿಟ್ಟು ದಿನ ಪೆಟ್ಟಿಗೆ ಕಟ್ಟಬೇಕು. ಕಾರಿಲ್ಲದ ಪ್ರವಾಸದಲ್ಲಿ ಜನ ಸುಸ್ತಾಗುವುದು ರೈಲಿನಲ್ಲಿ ಕೂತು ಅಲ್ಲ. ರೂಮು ಖಾಲಿ ಮಾಡಿ, ಪೆಟ್ಟಿಗೆ ಎಳೆದುಕೊಂಡು, ಹೊಸ ಊರಿನಲ್ಲಿ ಮತ್ತೆ ರೂಮು ಹುಡುಕುವ ಆ ನಾಲ್ಕೈದು ಗಂಟೆ ಇದೆಯಲ್ಲ, ಅದು ಹಿಂಡಿಹಾಕುತ್ತದೆ. ಅತ್ತೆಯವರಿಗೆ ಜಾಸ್ತಿ, ಮಗನಿಗೂ ಜಾಸ್ತಿ. ಹಾಗಾಗಿ ಮಲಗುವ ಊರುಗಳನ್ನು ಕಡಿಮೆ ಮಾಡಿ. ಒಂದೊಂದು ಊರಿನಲ್ಲಿ ಮೂರು ರಾತ್ರಿಯಾದರೂ ಇರಿ, ಸುತ್ತಮುತ್ತಲನ್ನು ಬೆಳಿಗ್ಗೆ ಹೋಗಿ ಸಂಜೆ ಬರುವಂತೆ ನೋಡಿ. ರೂಮು ಆ ಊರಿನ ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೆ ಇರಲಿ. ಊರಾಚೆಯ ಅಗ್ಗದ ಹೋಟೆಲ್ ನೋಡಿ ಆಸೆಪಡಬೇಡಿ. ಅಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ.

ನಾನು ಹೇಳುವ ದಾರಿ ಇದು: ಗಾಲ್ವೇ 3 ರಾತ್ರಿ, ಡಬ್ಲಿನ್ 3, ಅಲ್ಲಿಂದ ಹಡಗಿನಲ್ಲಿ ಸಮುದ್ರ ದಾಟಿ ಚೆಸ್ಟರ್ 1, ಲೇಕ್ ಡಿಸ್ಟ್ರಿಕ್ಟಿನ ವಿಂಡರ್ಮಿಯರ್ 3, ಲಂಡನ್ 5. ಯಾರ್ಕ್ ಲಂಡನ್ನಿನಿಂದ ಹೋಗಿ ಬರುವ ಒಂದು ದಿನ. ಕಿಲಾರ್ನಿ, ಬೆಲ್‌ಫಾಸ್ಟ್, ಬಾತ್, ಸ್ಟೋನ್‌ಹೆಂಜ್, ಕಾಟ್ಸ್‌ವೋಲ್ಡ್ಸ್ ಈ ಸಲ ಬೇಡ.

ಬಿಟ್ಟಿದ್ದಕ್ಕೆ ಕಾರಣ ಹೇಳುತ್ತೇನೆ. ಕಿಲಾರ್ನಿ ಚೆಂದದ ಊರು, ಆದರೆ ಐರ್ಲೆಂಡಿನ ರೈಲು ದಾರಿಗಳಲ್ಲಿ ಹೆಚ್ಚಿನವು ಡಬ್ಲಿನ್ನಿನಿಂದ ಹೊರಟು ಕವಲೊಡೆಯುತ್ತವೆ. ಗಾಲ್ವೇಯಿಂದ ಕಿಲಾರ್ನಿಗೆ ನಕಾಶೆಯಲ್ಲಿ ಹತ್ತಿರ ಕಂಡರೂ ನೇರ ರೈಲಿಲ್ಲ, ದಾರಿಯಲ್ಲಿ ಹಲವು ಸಲ ರೈಲು ಬದಲಿಸಬೇಕು. ಒಂದು ದಿನ ಪೂರ್ತಿ ಹೋಯಿತು. ಬೆಲ್‌ಫಾಸ್ಟಿಗೆ ಡಬ್ಲಿನ್ನಿನಿಂದ ಎರಡು ಗಂಟೆ ಚಿಲ್ಲರೆಯ ನೇರ ರೈಲಿದೆ, ಆದರೆ ಇರುವ ಮೂರು ರಾತ್ರಿಯಲ್ಲಿ ಅದನ್ನು ತುರುಕಿದರೆ ಡಬ್ಲಿನ್ನೇ ಉಳಿಯುವುದಿಲ್ಲ. ಕಾಟ್ಸ್‌ವೋಲ್ಡ್ಸ್ ಒಂದೇ ನಿಜವಾಗಿ ಕಾರು ಬೇಡುವ ಜಾಗ. ರೈಲು ಮೋರ್ಟನ್-ಇನ್-ಮಾರ್ಷ್ ತನಕ ಬಿಡುತ್ತದೆ, ಅಲ್ಲಿಂದ ಹಳ್ಳಿ ಹಳ್ಳಿಗೆ ಹೋಗುವ ಬಸ್ಸು ವಿರಳ. ಭಾನುವಾರವಂತೂ ಕೇಳಲೇಬೇಡಿ.

ಈಗ ವೀಸಾ. ಇದನ್ನು ಎಲ್ಲಕ್ಕಿಂತ ಮೊದಲು ಇತ್ಯರ್ಥ ಮಾಡಿಕೊಳ್ಳಿ, ಯಾಕೆಂದರೆ ಯಾವ ದೇಶಕ್ಕೆ ಮೊದಲು ಇಳಿಯಬೇಕು, ಯಾವ ವಿಮಾನ ಹತ್ತಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಐರ್ಲೆಂಡ್ ಬೇರೆ ದೇಶ, ಬ್ರಿಟನ್ ಬೇರೆ ದೇಶ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗುವ ಷೆಂಗೆನ್ ವೀಸಾ ಈ ಎರಡಕ್ಕೂ ನಡೆಯುವುದಿಲ್ಲ. ಆದರೆ ಭಾರತದಲ್ಲಿ ಅರ್ಜಿ ಹಾಕುವ ಭಾರತೀಯರಿಗೆ ಬ್ರಿಟಿಷ್–ಐರಿಷ್ ವೀಸಾ ಯೋಜನೆ ಅಂತ ಒಂದು ಅನುಕೂಲವಿದೆ. ಒಂದು ದೇಶದ ವೀಸಾ ತೆಗೆದುಕೊಂಡರೆ, ಅದರ ಮೇಲೆ "ಬಿಐವಿಎಸ್" ಅನ್ನುವ ಗುರುತಿದ್ದರೆ, ಅದರಲ್ಲೇ ಇನ್ನೊಂದು ದೇಶಕ್ಕೂ ಹೋಗಬಹುದು. ಷರತ್ತು ಒಂದೇ: ವೀಸಾ ಕೊಟ್ಟ ದೇಶಕ್ಕೆ ಮೊದಲು ಕಾಲಿಡಬೇಕು.

ನೀವು ಐರ್ಲೆಂಡಿನಿಂದ ಶುರು ಮಾಡುವುದರಿಂದ ಐರಿಷ್ ವೀಸಾಕ್ಕೇ ಅರ್ಜಿ ಹಾಕಿ. ಒಂದು ಸಲ ಪ್ರವೇಶದ ವೀಸಾಕ್ಕೆ ಶುಲ್ಕ 60 ಯೂರೋ, ಅರ್ಜಿ ತೆಗೆದುಕೊಳ್ಳುವ ಕಂಪನಿಯಾದ ವಿಎಫ್‌ಎಸ್ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಕೊನೆಗಳಿಗೆವರೆಗೆ ಕಾಯಬೇಡಿ, ಫೆಬ್ರವರಿಯಲ್ಲೇ ಹಾಕಿಬಿಡಿ. ಪಾಸ್‌ಪೋರ್ಟ್ ಕೈಗೆ ಬಂದ ತಕ್ಷಣ ಐದೂ ವೀಸಾ ತೆಗೆದು ನೋಡಿ. ಮಕ್ಕಳದ್ದನ್ನೂ ನೋಡಿ. ಯಾರೊಬ್ಬರದ್ದರಲ್ಲಿ ಆ ಗುರುತು ಇಲ್ಲದಿದ್ದರೂ ಅವರಿಗೆ ಬ್ರಿಟನ್ ವೀಸಾ ಬೇರೆಯಾಗಿ ಬೇಕಾಗುತ್ತದೆ. ವೀಸಾ ನಿಯಮ ಬದಲಾಗುತ್ತಿರುತ್ತದೆ, ಹಾಗಾಗಿ ಅರ್ಜಿ ತುಂಬುವ ದಿನ ಐರಿಷ್ ವಲಸೆ ಇಲಾಖೆಯ ಅಧಿಕೃತ ಪುಟವನ್ನು ಇನ್ನೊಮ್ಮೆ ಓದಿಕೊಳ್ಳಿ.

ಇದಕ್ಕೇ ಅಂಟಿಕೊಂಡ ಮಾತು ವಿಮಾನದ್ದು. ಹೋಗುವಾಗ ಲಂಡನ್ ಮೂಲಕ ಹೋಗಬೇಡಿ. ಹೀಥ್ರೂನಲ್ಲಿ ಇಳಿದು ವಿಮಾನ ಬದಲಿಸುವಾಗ ಐರಿಷ್ ವೀಸಾ ಹಿಡಿದು ಮೊದಲು ಬ್ರಿಟನ್ನಿಗೆ ಬಂದಂತಾಗಿ ಫಜೀತಿಯಾಗಬಹುದು. ದುಬೈ, ಅಬುಧಾಬಿ, ದೋಹಾ ಮೂರರಿಂದಲೂ ಡಬ್ಲಿನ್ನಿಗೆ ನೇರ ವಿಮಾನಗಳಿವೆ, ಬೆಂಗಳೂರಿನಿಂದ ಆ ಮೂರಕ್ಕೂ ಇವೆ. ಬರುವಾಗ ಹೀಥ್ರೂನಿಂದ ಬೆಂಗಳೂರಿಗೆ ನೇರವಾಗಿ ಬನ್ನಿ. ಹೋಗುವುದು ಒಂದು ಊರಿಗೆ, ಬರುವುದು ಇನ್ನೊಂದು ಊರಿನಿಂದ. ಟಿಕೆಟ್ ಹುಡುಕುವಾಗ "ಮಲ್ಟಿ ಸಿಟಿ" ಆಯ್ಕೆ ಒತ್ತಿದರೆ ಆಯಿತು. ವಾಪಸ್ ಡಬ್ಲಿನ್ನಿಗೆ ಬರುವ ಖರ್ಚೂ ಇಲ್ಲ, ಒಂದು ದಿನವೂ ಉಳಿಯಿತು.

ಡಬ್ಲಿನ್ನಿನಲ್ಲಿ ಇಳಿದು ಮೊದಲು ಗಾಲ್ವೇಗೆ ಯಾಕೆ ಹೋಗುವುದು ಅಂತ ಕೇಳಬಹುದು. ಡಬ್ಲಿನ್ ವಿಮಾನ ನಿಲ್ದಾಣಕ್ಕೆ ರೈಲಿಲ್ಲ. ಆದರೆ ನಿಲ್ದಾಣದಿಂದಲೇ ಗಾಲ್ವೇಗೆ ನೇರ ಬಸ್ಸುಗಳಿವೆ, ಸಿಟಿಲಿಂಕ್ ಮತ್ತು ಗೋಬಸ್ ಕಂಪನಿಗಳದ್ದು. ಎರಡೂವರೆ ಮೂರು ಗಂಟೆಯ ದಾರಿ. ದೊಡ್ಡ ಪೆಟ್ಟಿಗೆ ಬಸ್ಸಿನ ಹೊಟ್ಟೆಯಲ್ಲಿ ಹಾಕಿಬಿಟ್ಟು ಎಲ್ಲರೂ ನಿದ್ದೆ ಹೊಡೆಯಬಹುದು. ಡಬ್ಲಿನ್ ನೋಡಿ ಗಾಲ್ವೇಗೆ ಹೋದರೆ ಹಡಗು ಹಿಡಿಯಲು ಮತ್ತೆ ಡಬ್ಲಿನ್ನಿಗೆ ಬಂದು ಒಂದು ರಾತ್ರಿ ತಂಗಬೇಕು. ದೂರದ ಊರಿಗೆ ಮೊದಲು ಹೋದರೆ ಆ ಹೆಚ್ಚಿನ ರೂಮು ತಪ್ಪುತ್ತದೆ. ವಿಮಾನ ರಾತ್ರಿ ಹೊತ್ತು ಇಳಿಯುವುದಾದರೆ ಮಾತ್ರ ಅವತ್ತು ನಿಲ್ದಾಣದ ಹತ್ತಿರವೇ ಮಲಗಿ ಬೆಳಿಗ್ಗೆ ಹೊರಡಿ. ಆದಷ್ಟು ಮಧ್ಯಾಹ್ನ ಇಳಿಯುವ ವಿಮಾನ ನೋಡಿ.

ಗಾಲ್ವೇಯಲ್ಲಿ ಬಸ್ಸು, ರೈಲು ಎರಡೂ ಊರ ನಡುವಿನ ಐರ್ ಸ್ಕ್ವೇರ್ ಪಕ್ಕದಲ್ಲೇ ನಿಲ್ಲುತ್ತವೆ. ಅಲ್ಲೇ ಸುತ್ತಮುತ್ತ ರೂಮು ಮಾಡಿ. ಮೇ ತಿಂಗಳಲ್ಲಿ ಅಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ. ಅದು ಕಾರಿಲ್ಲದವರಿಗೆ ದೊಡ್ಡ ವರ. ಹೊರಗಿನ ತಿರುಗಾಟ ಮುಗಿಸಿ ಬಂದ ಮೇಲೂ ಊರು ಸುತ್ತಲು ಹೊತ್ತು ಸಿಗುತ್ತದೆ.

ಕ್ಲಿಫ್ಸ್ ಆಫ್ ಮೊಹರ್‌ಗೆ ಎರಡು ದಾರಿ. ಬಸ್ ಏರನ್ ಸಂಸ್ಥೆಯ 350 ನಂಬರಿನ ಬಸ್ಸು ಗಾಲ್ವೇಯಿಂದ ಡೂಲಿನ್ ಮೇಲೆ ಹಾದು ಬಂಡೆಗಳ ಸಂದರ್ಶಕ ಕೇಂದ್ರದ ಮುಂದೆಯೇ ನಿಲ್ಲುತ್ತದೆ. ಅಗ್ಗ. ಆದರೆ ದಿನಕ್ಕೆ ಕೆಲವೇ ಸಲ ಇದೆ, ಊರೂರು ನಿಲ್ಲುತ್ತದೆ. ಇನ್ನೊಂದು, ಐರ್ ಸ್ಕ್ವೇರ್ ಹತ್ತಿರದ ಕೋಚ್ ನಿಲ್ದಾಣದಿಂದ ಬೆಳಿಗ್ಗೆ ಹೊರಡುವ ಪ್ರವಾಸಿ ಬಸ್ಸುಗಳು. ನಿಮ್ಮ ಕುಟುಂಬಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ. ಬಸ್ಸು ತಪ್ಪುತ್ತಾ ಅನ್ನುವ ಚಿಂತೆಯಿಲ್ಲ. ದಾರಿಯಲ್ಲಿ ಬರೆನ್ ಅನ್ನುವ ಸುಣ್ಣಕಲ್ಲಿನ ಬಯಲು ಸಿಗುತ್ತದೆ. ಮೈಲಿಗಟ್ಟಲೆ ಬೂದು ಹಾಸುಬಂಡೆ. ಬಂಡೆಯ ಬಿರುಕುಗಳಲ್ಲಿ ಮೇ ತಿಂಗಳಲ್ಲೇ ಪುಟ್ಟ ನೀಲಿ ಹೂ ಅರಳುತ್ತದೆ, ಜೆನ್ಷಿಯನ್ ಅಂತ. ಬಸ್ಸು ನಿಂತಾಗ ಮಗಳನ್ನು ಬಗ್ಗಿ ನೋಡಲು ಹೇಳಿ. ನಿಂತ ಎತ್ತರದಿಂದ ಅದು ಕಾಣುವುದೇ ಇಲ್ಲ.

ಮೊಹರ್ ಬಂಡೆಗಳು ಅಟ್ಲಾಂಟಿಕ್ ಸಾಗರದಿಂದ ನೆಟ್ಟಗೆ ಎದ್ದು ನಿಂತಿವೆ. ಅತಿ ಎತ್ತರದ ಕಡೆ 214 ಮೀಟರ್. ಸಂದರ್ಶಕ ಕೇಂದ್ರದ ಬಳಿಯ ಮುಖ್ಯ ನೋಟದ ಜಾಗಕ್ಕೆ ಒಳ್ಳೆಯ ಕಾಲುದಾರಿ ಇದೆ, ಅಂಚಿಗೆ ಕಲ್ಲಿನ ತಡೆಗೋಡೆ ಇದೆ. ಅತ್ತೆಯವರು ಅಲ್ಲೇ ನಿಂತು ಚೆನ್ನಾಗಿ ನೋಡಬಹುದು. ಅದರಾಚೆಗಿನ ಕರಾವಳಿ ಕಾಲುದಾರಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಅಲ್ಲಿ ಗಾಳಿ ಜೋರು, ನೆಲ ಜಾರುತ್ತದೆ, ಜನ ಬಿದ್ದು ಸತ್ತಿದ್ದಾರೆ.

ಮರುದಿನ ಮತ್ತೊಂದು ದೊಡ್ಡ ಬಸ್ ಪ್ರವಾಸ ಇಟ್ಟುಕೊಳ್ಳಬೇಡಿ. ಅರಾನ್ ದ್ವೀಪಕ್ಕೆ ಹೋಗುವ ಆಸೆ ಬಂದೀತು. ಅಲ್ಲಿನ ಡೂನ್ ಏಂಗಸ್ ಕೋಟೆ ಅದ್ಭುತವೇ, ಆದರೆ ಕಲ್ಲುಹಾದಿಯಲ್ಲಿ ಹತ್ತಬೇಕು, ಮೇಲೆ ಹೋದರೆ ಅಂಚಿಗೆ ಬೇಲಿಯೂ ಇಲ್ಲ. ಮಂಡಿನೋವಿನವರು ಮತ್ತು 6 ವರ್ಷದ ಹುಡುಗ ಇಬ್ಬರೂ ಜೊತೆಗಿದ್ದರೆ ಅದು ಹೇಳಿಮಾಡಿಸಿದ ಜಾಗವಲ್ಲ. ಬದಲಿಗೆ 401 ನಂಬರ್ ಬಸ್ಸು ಹತ್ತಿ ಸಾಲ್ಟ್‌ಹಿಲ್‌ಗೆ ಹೋಗಿ. ಸಮುದ್ರದ ಪಕ್ಕದಲ್ಲಿ ಉದ್ದಕ್ಕೆ ಸಮತಟ್ಟಾದ ದಾರಿ, ಅಲ್ಲಲ್ಲಿ ಬೆಂಚು. ದಾರಿ ಮುಗಿಯುವ ಕಡೆ ಒಂದು ಗೋಡೆ ಇದೆ. ಅಲ್ಲಿನವರು ವಾಯುವಿಹಾರ ಮುಗಿಸಿ ಆ ಗೋಡೆಗೆ ಮೆಲ್ಲಗೆ ಒಂದು ಒದೆ ಕೊಟ್ಟು ತಿರುಗುತ್ತಾರೆ. ಮಗನಿಗೆ ಹೇಳಿದರೆ ಹತ್ತು ಸಲ ಒದ್ದಾನು.

ಗಾಲ್ವೇಯಿಂದ ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣಕ್ಕೆ ರೈಲು ಸುಮಾರು ಎರಡೂವರೆ ಗಂಟೆ. ಟಿಕೆಟ್ಟನ್ನು ಐರಿಷ್ ರೈಲ್ ತಾಣದಲ್ಲೇ ಮುಂಚೆ ತೆಗೆದುಕೊಳ್ಳಿ, ಅಗ್ಗವಾಗುತ್ತದೆ. ಹಾಗೆ ಸೀಟು ಕಾಯ್ದಿರಿಸಿದರೆ ಸೀಟಿನ ಮೇಲಿನ ಪುಟ್ಟ ಪರದೆಯಲ್ಲಿ ನಿಮ್ಮ ಹೆಸರೇ ಮೂಡುತ್ತದೆ. ಒಬ್ಬೊಬ್ಬರ ಹೆಸರನ್ನೂ ಬೇರೆ ಬೇರೆ ತುಂಬಿ. ಬೇರೆ ದೇಶದ ರೈಲಿನಲ್ಲಿ ತಮ್ಮ ಹೆಸರು ನೋಡಿದರೆ ಅಜ್ಜಿ, ಮೊಮ್ಮಕ್ಕಳು ಮೂವರಿಗೂ ಖುಷಿ. ಹ್ಯೂಸ್ಟನ್ ಹೊರಗೇ ಲುವಾಸ್ ಟ್ರಾಮಿನ ಕೆಂಪು ಮಾರ್ಗದ ನಿಲ್ದಾಣ. ಅದು ಊರ ನಡುವೆ ಬಿಡುತ್ತದೆ.

ಡಬ್ಲಿನ್ನಿನಲ್ಲಿ ಬಸ್ಸು, ರೈಲಿಗೆ ತಾಗಿಸುವ ಲೀಪ್ ಕಾರ್ಡ್ ಮಾಡಿಸಿ, ಎಲ್ಲರಿಗೂ ಒಂದೊಂದು. ದೊಡ್ಡವರಿಗೆ 2 ಯೂರೋ ಕೊಟ್ಟರೆ 90 ನಿಮಿಷದೊಳಗೆ ಬಸ್ಸು, ಟ್ರಾಮು, ಊರಿನ ಡಾರ್ಟ್ ರೈಲು ಬದಲಿಸುತ್ತ ಹೋಗಬಹುದು. ಬಸ್ಸಿನಲ್ಲಿ ನೋಟು ತೆಗೆದುಕೊಳ್ಳುವುದಿಲ್ಲ. ಒಂದು ದಿನ ಡಾರ್ಟ್ ಹತ್ತಿ ಹೌತ್‌ಗೆ ಹೋಗಿ, ಅರ್ಧ ಗಂಟೆ ದಾರಿ. ಮೀನುಗಾರರ ಬಂದರು. ನೀರಿನಲ್ಲಿ ಸೀಲ್‌ಗಳು ತಲೆ ಎತ್ತಿ ನೋಡುತ್ತವೆ. ಇನ್ನೊಂದು ದಿನ ಊರೊಳಗೆ ಇರಿ. ಟ್ರಿನಿಟಿ ಕಾಲೇಜಿನಲ್ಲಿ ಬೈಬಲ್ಲಿನ ಹಳೆಯ ಚಿತ್ರಭರಿತ ಕೆಲ್ಸ್ ಹಸ್ತಪ್ರತಿ ನೋಡಲು ಮುಂಗಡ ಟಿಕೆಟ್ ಬೇಕು. ಡಬ್ಲಿನ್ ಕ್ಯಾಸಲ್ ಆವರಣದ ಚೆಸ್ಟರ್ ಬೀಟಿ ಸಂಗ್ರಹಾಲಯ ಪುಕ್ಕಟೆ, ಅಲ್ಲಿ ಮೊಗಲ್ ಚಿತ್ರಗಳೂ ಇವೆ. ಇಷ್ಟು ಸಾಕು.

ಈಗ ಹಡಗು. ಡಬ್ಲಿನ್ನಿನಿಂದ ಲಂಡನ್ನಿಗೆ ಒಂದು ಗಂಟೆ ಚಿಲ್ಲರೆಯಲ್ಲಿ ವಿಮಾನ ಹೋಗುತ್ತದೆ, ಹಡಗು ಯಾಕೆ ಅಂತ ನಿಮ್ಮ ಯಜಮಾನರು ಕೇಳಿಯಾರು. ವಿಮಾನ ನಿಲ್ದಾಣಕ್ಕೆ ಹೋಗುವುದು, ಕಾಯುವುದು, ಪೆಟ್ಟಿಗೆಗೆ ಬೇರೆ ದುಡ್ಡು, ಇಳಿದ ಮೇಲೆ ಮತ್ತೆ ಊರಿಗೆ ಬರುವುದು, ಎಲ್ಲ ಸೇರಿ ಅರ್ಧ ದಿನ ಅಲ್ಲೂ ಹೋಗುತ್ತದೆ. ಹಡಗಿನಲ್ಲಿ ಮಕ್ಕಳು ಓಡಾಡುತ್ತಾರೆ, ಅತ್ತೆಯವರು ಕಿಟಕಿ ಪಕ್ಕದ ಸೋಫಾದಲ್ಲಿ ಕಾಲು ಚಾಚಿ ಕೂರುತ್ತಾರೆ. ಐರಿಷ್ ಫೆರೀಸ್, ಸ್ಟೆನಾ ಲೈನ್ ಎರಡೂ ಕಂಪನಿಗಳು ಡಬ್ಲಿನ್ ಬಂದರಿನಿಂದ ವೇಲ್ಸ್‌ನ ಹೋಲಿಹೆಡ್‌ಗೆ ಹಡಗು ಬಿಡುತ್ತವೆ. ಸುಮಾರು ಮೂರೂಕಾಲು ಗಂಟೆ. ಹೋಲಿಹೆಡ್‌ನಲ್ಲಿ ಬಂದರಿಗೆ ತಾಗಿಕೊಂಡೇ ರೈಲು ನಿಲ್ದಾಣ.

ಇದಕ್ಕೆ "ಸೇಲ್‌ರೈಲ್" ಅನ್ನುವ ಒಂದೇ ಟಿಕೆಟ್ ಇದೆ. ಹಡಗು, ರೈಲು ಎರಡೂ ಅದರಲ್ಲೇ. ಡಬ್ಲಿನ್ನಿನಿಂದ ಚೆಸ್ಟರ್‌ವರೆಗೆ ತೆಗೆದುಕೊಳ್ಳಿ. ಇದರ ದೊಡ್ಡ ಗುಣ ಏನೆಂದರೆ ರೈಲಿನ ಭಾಗ ಇಂಥದ್ದೇ ರೈಲಿಗೆ ಅಂತ ಕಟ್ಟಿಹಾಕಿರುವುದಿಲ್ಲ. ಹಡಗು ತಡವಾದರೆ ಮುಂದಿನ ರೈಲು ಹತ್ತಿದರಾಯಿತು. ಇಂಗ್ಲೆಂಡಿನ ಅಗ್ಗದ "ಅಡ್ವಾನ್ಸ್" ಟಿಕೆಟ್ ಹಾಗಲ್ಲ. ಅದು ಆ ಒಂದು ರೈಲಿಗೆ ಮಾತ್ರ. ಸಮುದ್ರ ದಾಟುವ ದಿನ ಅಂಥ ಟಿಕೆಟ್ಟನ್ನು ಬೇರೆಯಾಗಿ ತೆಗೆದುಕೊಂಡವರು ಗಾಳಿ ಎದ್ದ ದಿನ ದುಡ್ಡು ಕಳೆದುಕೊಳ್ಳುತ್ತಾರೆ. ನಾನು ಚೆಸ್ಟರ್‌ನಲ್ಲಿ ಒಂದು ರಾತ್ರಿ ಇಟ್ಟಿದ್ದೂ ಇದಕ್ಕೇ. ಆ ದಿನಕ್ಕೆ ಯಾವ ಗಡಿಬಿಡಿಯೂ ಇರಬಾರದು.

ಬೆಳಗಿನ ಹಡಗು ಹಿಡಿಯಿರಿ, ದೊಡ್ಡ ಹಡಗನ್ನೇ ಆರಿಸಿ. ಬೇಗ ಹೋಗುವ ಚಿಕ್ಕ ಹಡಗು ಗಾಳಿಗೆ ಬೇಗ ರದ್ದಾಗುತ್ತದೆ, ಅಲುಗಾಟವೂ ಜಾಸ್ತಿ. ಬಂದರಿಗೆ ಐದು ಜನ, ಐದು ಪೆಟ್ಟಿಗೆ ಅಂದರೆ ದೊಡ್ಡ ಟ್ಯಾಕ್ಸಿಯೇ ಬೇಕು, ಹಿಂದಿನ ಸಂಜೆಯೇ ಹೇಳಿಟ್ಟಿರಿ. ಹಡಗು ಹೊರಡುವ ಒಂದು ಗಂಟೆ ಮೊದಲು ಅಲ್ಲಿರಿ. ವಾಂತಿ ಮಾತ್ರೆಯನ್ನು ಊರಿನ ಡಾಕ್ಟರ್ ಹತ್ತಿರ ಕೇಳಿ ತಂದಿಟ್ಟುಕೊಳ್ಳಿ, ಹಡಗು ಹತ್ತುವ ಮುಂಚೆ ನುಂಗಬೇಕು. ಹೋಲಿಹೆಡ್‌ನಲ್ಲಿ ಪಾಸ್‌ಪೋರ್ಟ್ ನೋಡದೆಯೂ ಬಿಡಬಹುದು, ಪೊಲೀಸರು ನಿಲ್ಲಿಸಿ ಕೇಳಲೂಬಹುದು. ಎಲ್ಲರ ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ.

ಹೋಲಿಹೆಡ್‌ನಿಂದ ಚೆಸ್ಟರ್‌ಗೆ ಹೋಗುವ ರೈಲಿನಲ್ಲಿ ಎಡಗಡೆ ಕಿಟಕಿ ಹಿಡಿಯಿರಿ. ಮೆನಾಯ್ ಜಲಸಂಧಿ ಮೇಲಿನ ಬ್ರಿಟಾನಿಯಾ ಸೇತುವೆ ದಾಟುತ್ತೀರಿ. 1850ರಲ್ಲಿ ರಾಬರ್ಟ್ ಸ್ಟೀಫನ್‌ಸನ್ ಕಬ್ಬಿಣದ ಕೊಳವೆಯೊಳಗೆ ರೈಲು ಓಡುವಂತೆ ಕಟ್ಟಿದ್ದ. 1970ರಲ್ಲಿ ಬೆಂಕಿ ಬಿದ್ದ ಮೇಲೆ ಈಗಿನ ರೂಪ ಬಂತು. ಆಮೇಲೆ ಕಾನ್ವಿಯಲ್ಲಿ ರೈಲು ಹಳೆಯ ಕೋಟೆಗೆ ಉಜ್ಜಿಕೊಂಡಂತೆ ಹಾದುಹೋಗುತ್ತದೆ. ಅಲ್ಲಿಂದ ಮುಂದೆ ಬಹು ದೂರ ಸಮುದ್ರ ಪಕ್ಕದಲ್ಲೇ ಬರುತ್ತದೆ. ಚೆಸ್ಟರ್ ರೋಮನ್ನರು ಕಟ್ಟಿದ ಊರು. ಕೋಟೆಗೋಡೆ ಇಂದಿಗೂ ಊರನ್ನು ಸುತ್ತಿಕೊಂಡಿದೆ, ಅದರ ಮೇಲೆ ನಡೆಯಬಹುದು. ಹತ್ತಲು ಮೆಟ್ಟಿಲಿದೆ, ಹಾಗಾಗಿ ಮಕ್ಕಳು ಮತ್ತು ಅಪ್ಪ ಗೋಡೆ ಮೇಲೆ ಸುತ್ತಲಿ. ನೀವು, ಅತ್ತೆಯವರು ಕೆಳಗೆ ಎರಡಂತಸ್ತಿನ ಹಳೆಯ ಅಂಗಡಿಸಾಲುಗಳನ್ನು ನೋಡಿಕೊಂಡು ಈಸ್ಟ್‌ಗೇಟ್ ಗಡಿಯಾರದ ಹತ್ತಿರ ಅವರನ್ನು ಸೇರಿ.

ಮರುದಿನ ಚೆಸ್ಟರ್‌ನಿಂದ ವಾರಿಂಗ್ಟನ್ ಬ್ಯಾಂಕ್ ಕೀ, ಅಲ್ಲಿಂದ ಆಕ್ಸೆನ್‌ಹೋಮ್, ಅಲ್ಲಿಂದ ಪುಟ್ಟ ಕವಲು ರೈಲಿನಲ್ಲಿ ವಿಂಡರ್ಮಿಯರ್. ಎರಡು ಸಲ ರೈಲು ಬದಲಿಸಬೇಕು. ಇಡೀ ಪ್ರವಾಸದಲ್ಲಿ ಅತ್ತೆಯವರಿಗೆ ಕಷ್ಟವಾಗುವ ದಿನ ಇದೊಂದೇ. ಅದಕ್ಕೂ ದಾರಿಯಿದೆ. ಬ್ರಿಟನ್ನಿನ ರೈಲುಗಳಲ್ಲಿ "ಪ್ಯಾಸೆಂಜರ್ ಅಸಿಸ್ಟ್" ಅನ್ನುವ ಉಚಿತ ಸೇವೆ ಇದೆ. ಗಾಲಿಕುರ್ಚಿಯವರಿಗೆ ಮಾತ್ರ ಅಂತ ತಿಳಿಯಬೇಡಿ, ಮಂಡಿನೋವಿನ ಹಿರಿಯರೂ ಕೇಳಬಹುದು. ಆಪ್‌ನಲ್ಲೋ ಫೋನಿನಲ್ಲೋ ಹಿಂದಿನ ದಿನ ಹೇಳಿಟ್ಟರೆ ಸಿಬ್ಬಂದಿ ಪ್ಲಾಟ್‌ಫಾರ್ಮಿಗೆ ಬಂದು ಲಿಫ್ಟ್ ತೋರಿಸಿ, ಹತ್ತಿಸಿ, ಇಳಿಯುವ ನಿಲ್ದಾಣಕ್ಕೂ ಸುದ್ದಿ ಕೊಡುತ್ತಾರೆ. ಸಂಕೋಚ ಬೇಡ, ಕೇಳಿ. ನಮ್ಮಲ್ಲಿನ ಹಾಗೆ ಕೂಲಿಯವರು ಅಲ್ಲಿ ಸಿಗುವುದಿಲ್ಲ. ಆದ್ದರಿಂದ ಮನೆಯಲ್ಲೇ ಒಂದು ನಿಯಮ ಮಾಡಿಕೊಳ್ಳಿ: ಯಾರ ಪೆಟ್ಟಿಗೆಯನ್ನು ಅವರೇ ರೈಲಿನ ಮೆಟ್ಟಿಲಿಗೆ ಎತ್ತುವಷ್ಟು ಭಾರ. ಅತ್ತೆಯವರದ್ದೊಂದು ನಿಮ್ಮ ಯಜಮಾನರ ಪಾಲಿಗೆ. ಕಾರು ಓಡಿಸದ್ದಕ್ಕೆ ಅಷ್ಟಾದರೂ ಮಾಡಲಿ, ಅಲ್ವಾ?

ವಿಂಡರ್ಮಿಯರ್‌ನಲ್ಲಿ ಹಲವರು ಬೇಸ್ತು ಬೀಳುವ ಒಂದು ವಿಷಯ. ರೈಲು ನಿಲ್ದಾಣ ಕೆರೆ ದಡದಲ್ಲಿಲ್ಲ. ಕೆರೆ ಇರುವುದು ಕೆಳಗೆ ಬೋನೆಸ್‌ನಲ್ಲಿ, ಎರಡು ಕಿಲೋಮೀಟರಿಗೂ ಜಾಸ್ತಿ ಇಳಿಜಾರು. ರೂಮನ್ನು ನಿಲ್ದಾಣದ ಹತ್ತಿರವೇ ಮಾಡಿ. ಬಸ್ಸುಗಳೆಲ್ಲ ನಿಲ್ದಾಣದ ಬಾಗಿಲಲ್ಲೇ ನಿಲ್ಲುತ್ತವೆ, ಪಕ್ಕದಲ್ಲೇ ದೊಡ್ಡ ಸೂಪರ್ ಮಾರ್ಕೆಟ್ ಇದೆ. 599 ನಂಬರಿನ ಬಸ್ಸು ಬೋನೆಸ್, ಆಂಬಲ್‌ಸೈಡ್, ಗ್ರಾಸ್ಮಿಯರ್ ಸುತ್ತುತ್ತದೆ, ಮೇಲಂತಸ್ತು ಬಯಲು. 555 ಇನ್ನೂ ಮುಂದೆ ಕೆಸ್ವಿಕ್‌ವರೆಗೆ, ಬೆಟ್ಟದ ಸಂದಿಯಲ್ಲಿ ಕೆರೆಗಳ ಪಕ್ಕಕ್ಕೆ ಹೋಗುತ್ತದೆ. ಆ ಒಂದು ಬಸ್ಸಿನ ಮುಂದಿನ ಸೀಟು ಸಿಕ್ಕಿದರೆ ಅರ್ಧ ಲೇಕ್ ಡಿಸ್ಟ್ರಿಕ್ಟ್ ನೋಡಿದಂತೆಯೇ. ಇಂಗ್ಲೆಂಡಿನ ಹೆಚ್ಚಿನ ಸ್ಥಳೀಯ ಬಸ್ಸುಗಳಲ್ಲಿ ಈಗ ಒಂದು ಸಲದ ಪ್ರಯಾಣಕ್ಕೆ 3 ಪೌಂಡಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಅನ್ನುವ ಮಿತಿ ಇದೆ. ಈ ಲಾಭ ಕಾರಿನವರಿಗೆ ಸಿಗುವುದಿಲ್ಲ, ಅವರು ಕಾರು ನಿಲ್ಲಿಸಲು ಜಾಗ ಹುಡುಕುತ್ತಿರುತ್ತಾರೆ.

ಮಗನಿಗಾಗಿ ಒಂದು ದಿನ ಹೀಗೆ ಕಳೆಯಿರಿ. ಬೋನೆಸ್‌ನಿಂದ ದೋಣಿಯಲ್ಲಿ ಕೆರೆಯ ದಕ್ಷಿಣ ತುದಿಯ ಲೇಕ್‌ಸೈಡ್‌ಗೆ ಹೋಗಿ. ದೋಣಿಕಟ್ಟೆಯ ಪಕ್ಕದಲ್ಲೇ ಲೇಕ್‌ಸೈಡ್ ಮತ್ತು ಹಾವರ್‌ತ್ವೇಟ್ ರೈಲು ಕಾದಿರುತ್ತದೆ. ನಿಜವಾದ ಉಗಿಬಂಡಿ. ದೋಣಿಗೂ ರೈಲಿಗೂ ಸೇರಿ ಒಂದೇ ಟಿಕೆಟ್ ಸಿಗುತ್ತದೆ. ವಿಂಡರ್ಮಿಯರ್ ಇಂಗ್ಲೆಂಡಿನ ಅತಿ ದೊಡ್ಡ ಸಹಜ ಸರೋವರ, ಸುಮಾರು 17 ಕಿಲೋಮೀಟರ್ ಉದ್ದ. ದೋಣಿ ಮೇಲೆ ಚಳಿ. ಮಳೆಯೂ ಬರುತ್ತದೆ, ಮಡಿಕೇರಿಯ ಜಿಟಿಜಿಟಿ ಮಳೆಯ ಹಾಗೆ, ಬಂದದ್ದೂ ಗೊತ್ತಾಗಲ್ಲ ನಿಂತದ್ದೂ ಗೊತ್ತಾಗಲ್ಲ. ಛತ್ರಿ ಗಾಳಿಗೆ ತಿರುಗಿಕೊಳ್ಳುತ್ತದೆ. ತಲೆಮುಚ್ಚುವ ಮಳೆ ಜಾಕೆಟ್ ಎಲ್ಲರಿಗೂ ಬೇಕು.

ಊಟದ ವಿಷಯಕ್ಕೆ ಬರುತ್ತೇನೆ. ಸಸ್ಯಾಹಾರ ಈಗ ಎರಡೂ ದೇಶಗಳಲ್ಲಿ ಎಲ್ಲ ಕಡೆ ಸಿಗುತ್ತದೆ, ಸೂಪರ್ ಮಾರ್ಕೆಟ್ಟಿನ ಪೊಟ್ಟಣಗಳ ಮೇಲೆ ಗುರುತು ಇರುತ್ತದೆ. ಒಂದೇ ಎಚ್ಚರಿಕೆ: ಉತ್ತರ ಇಂಗ್ಲೆಂಡಿನ ಹಲವು ಮೀನು-ಚಿಪ್ಸ್ ಅಂಗಡಿಗಳಲ್ಲಿ ಆಲೂ ಚಿಪ್ಸನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಯಾವ ಎಣ್ಣೆ ಅಂತ ಕೇಳಿಯೇ ತೆಗೆದುಕೊಳ್ಳಿ. ಆದರೆ ಅತ್ತೆಯವರಿಗೆ ದಿನಾ ಸ್ಯಾಂಡ್‌ವಿಚ್ ಹಿಡಿಸುವುದಿಲ್ಲ. ಗಾಲ್ವೇ, ವಿಂಡರ್ಮಿಯರ್, ಲಂಡನ್ ಈ ಮೂರು ಕಡೆ ಅಡುಗೆಮನೆ ಇರುವ ಬಾಡಿಗೆ ಮನೆ ಅಥವಾ ಅಪಾರ್ಟ್‌ಮೆಂಟ್ ಹೋಟೆಲ್ ನೋಡಿ. ಐದು ಜನರಿಗೆ ಅದೇ ಲೆಕ್ಕಕ್ಕೂ ಸರಿ, ಯಾಕೆಂದರೆ ಅಲ್ಲಿನ ಹೋಟೆಲ್‌ಗಳ ಫ್ಯಾಮಿಲಿ ರೂಮು ಅಂದರೆ ಸಾಮಾನ್ಯವಾಗಿ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು. ಐದನೆಯವರಿಗೆ ಇನ್ನೊಂದು ರೂಮು ಹಿಡಿಯಬೇಕು. ಎಲ್ಲೇ ಮಾಡಿದರೂ ಲಿಫ್ಟ್ ಇದೆಯಾ ಅಂತ ಬರೆದು ಕೇಳಿ. ಹಳೆಯ ಮನೆಗಳಲ್ಲಿ ಕಡಿದಾದ ಮೆಟ್ಟಿಲೇ ಗತಿ.

ಚಟ್ನಿಪುಡಿ, ಸಾರಿನ ಪುಡಿ, ಅವಲಕ್ಕಿ ಒಯ್ಯಿರಿ. ತುಪ್ಪ, ಪೇಡಾ, ಹಸಿ ಕರಿಬೇವು ಬೇಡ. ಹಾಲಿನ ಪದಾರ್ಥ, ಹಸಿ ಸೊಪ್ಪು ಹೊರಗಿನಿಂದ ತರುವುದಕ್ಕೆ ನಿರ್ಬಂಧವಿದೆ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರೆ ಬೇಜಾರು. ಎರಡೂ ದೇಶಗಳಲ್ಲಿ ಒಂದೇ ಬಗೆಯ ಚೌಕ ಮೂರು ಪಿನ್ನಿನ ಪ್ಲಗ್ ಇದೆ. ನಮ್ಮದು ಕೂರುವುದಿಲ್ಲ, ಅಡಾಪ್ಟರ್ ಬೇಕು.

ವಿಂಡರ್ಮಿಯರ್‌ನಿಂದ ಆಕ್ಸೆನ್‌ಹೋಮ್‌ಗೆ ಬಂದರೆ ಅಲ್ಲಿಂದ ಲಂಡನ್ನಿನ ಯೂಸ್ಟನ್ ನಿಲ್ದಾಣಕ್ಕೆ ಎರಡೂ ಮುಕ್ಕಾಲು ಗಂಟೆ. ಯೂಸ್ಟನ್ ಮತ್ತು ಕಿಂಗ್ಸ್ ಕ್ರಾಸ್ ನಡುವೆ ಎಲ್ಲಾದರೂ ಉಳಿದುಕೊಳ್ಳಿ. ಯೂಸ್ಟನ್ ಹಿಂದಿನ ಡ್ರಮಂಡ್ ಸ್ಟ್ರೀಟಿನಲ್ಲಿ ಭಾರತೀಯ ಸಸ್ಯಾಹಾರಿ ಹೋಟೆಲ್‌ಗಳಿವೆ. ರೈಲಿಳಿದ ಸಂಜೆ ನೇರ ಅಲ್ಲಿಗೆ ಹೋಗಿ ದೋಸೆ ತಿನ್ನಿ. ಮೆಟ್ಟಿಲು ತಪ್ಪಿಸಬೇಕಾದರೆ ಒಂದು ಗುಟ್ಟು: ಯೂಸ್ಟನ್‌ನ ಸುರಂಗ ರೈಲಿಗೆ ಪೂರ್ತಿ ಲಿಫ್ಟ್ ಇಲ್ಲ, ಪಕ್ಕದ ಕಿಂಗ್ಸ್ ಕ್ರಾಸ್‌ನಲ್ಲಿದೆ. ಅಲ್ಲಿಂದ ಪಿಕಡಿಲಿ ಲೈನ್ ನೇರವಾಗಿ ಹೀಥ್ರೂಗೆ ಹೋಗುತ್ತದೆ, ವಾಪಸ್ ಬರುವ ದಿನ ಪೆಟ್ಟಿಗೆ ಜೊತೆ ಅದೇ ಸಲೀಸು. ಊರೊಳಗೆ ಆದಷ್ಟು ಬಸ್ಸಿನಲ್ಲೇ ಓಡಾಡಿ. ಅವು ನೆಲಕ್ಕೆ ತಗ್ಗಾಗಿವೆ, ಹತ್ತುವುದು ಸುಲಭ, ಒಂದು ಟಿಕೆಟ್ ದುಡ್ಡಿನಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ಸಾದರೂ ಬದಲಿಸಬಹುದು.

ಲಂಡನ್ನಿನ ಬಸ್ಸು, ರೈಲಿನಲ್ಲಿ ದುಡ್ಡು ಕಟ್ಟಲು ತಾಗಿಸುವ ಕಾರ್ಡ್ ಮಗನನ್ನು ಬಿಟ್ಟು ಒಬ್ಬೊಬ್ಬರಿಗೆ ಒಂದೊಂದು ಬೇಕು, ಒಂದೇ ಕಾರ್ಡನ್ನು ಎಲ್ಲರಿಗೂ ತಾಗಿಸಲಾಗದು. ಮಗ 11ರ ಕೆಳಗಿರುವುದರಿಂದ ನಿಮ್ಮ ಜೊತೆ ಪುಕ್ಕಟೆ. ಮಗಳಿಗೆ ಲಂಡನ್ ಸಾರಿಗೆಯ ಆಯ್ಸ್ಟರ್ ಕಾರ್ಡ್ ಕೊಂಡು, ಅವಳನ್ನು ಜೊತೆಗೇ ಕರೆದೊಯ್ದು, ಸುರಂಗ ರೈಲು ನಿಲ್ದಾಣದ ಸಿಬ್ಬಂದಿ ಹತ್ತಿರ "ಯಂಗ್ ವಿಸಿಟರ್" ರಿಯಾಯಿತಿ ಹಾಕಿಸಿ. ಅರ್ಧ ದರ ಆಗುತ್ತದೆ.

ಲಂಡನ್ನಿನಲ್ಲಿ ಏನು ನೋಡಬೇಕು ಅಂತ ಪಟ್ಟಿ ಕೊಡುವುದಿಲ್ಲ, ಅದು ಎಲ್ಲೆಲ್ಲೂ ಸಿಗುತ್ತದೆ. ಎರಡೇ ಹೇಳುತ್ತೇನೆ. ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಟಿಪ್ಪುವಿನ ಮರದ ಹುಲಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಒಯ್ದದ್ದು. ಮೈಸೂರಿನ ಮಕ್ಕಳು ಅದನ್ನು ನೋಡದೆ ಬರಬಾರದು. ಯಾವ ಕೋಣೆಯಲ್ಲಿಟ್ಟಿದ್ದಾರೆ ಅಂತ ಹೋಗುವ ಮುಂಚೆ ಸಂಗ್ರಹಾಲಯದ ತಾಣದಲ್ಲಿ ನೋಡಿಕೊಳ್ಳಿ. ಪ್ರವೇಶ ಉಚಿತ. ಇನ್ನೊಂದು ಬಸವಣ್ಣನವರ ಪ್ರತಿಮೆ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ, 2015ರ ನವೆಂಬರ್ 14ರಂದು ಅನಾವರಣವಾಯಿತು. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ನದಿಯನ್ನು ಬಲಕ್ಕಿಟ್ಟುಕೊಂಡು ಲ್ಯಾಂಬೆತ್ ಸೇತುವೆ ಕಡೆ ನಡೆದರೆ ಸಿಗುತ್ತದೆ. ದಾರಿ ಸಮತಟ್ಟು, ಎದುರು ದಡದಲ್ಲಿ ಪಾರ್ಲಿಮೆಂಟ್ ಇಡಿಯಾಗಿ ಕಾಣುತ್ತದೆ. ಅತ್ತೆಯವರನ್ನು ಸಂಜೆ ಹೊತ್ತು ಕರೆದುಕೊಂಡು ಹೋಗಿ.

ಯಾರ್ಕ್ ಕಿಂಗ್ಸ್ ಕ್ರಾಸ್‌ನಿಂದ ನೇರ ರೈಲು, ಸುಮಾರು ಎರಡು ಗಂಟೆ. ಬಾತ್, ಸ್ಟೋನ್‌ಹೆಂಜ್ ಬಿಟ್ಟು ಇದನ್ನು ಆರಿಸಿದ್ದು ನಿಮ್ಮ ಮಗನನ್ನು ನೆನೆದು. ಯಾರ್ಕ್ ನಿಲ್ದಾಣದ ಪಕ್ಕದಲ್ಲೇ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯ, ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 126 ಮೈಲಿ, ಅಂದರೆ 203 ಕಿಲೋಮೀಟರ್ ವೇಗ ಮುಟ್ಟಿ ಉಗಿ ಎಂಜಿನ್ನಿನ ವಿಶ್ವದಾಖಲೆ ಮಾಡಿದ ನೀಲಿ ಬಣ್ಣದ "ಮಲಾರ್ಡ್" ಅಲ್ಲಿದೆ. ಜಪಾನಿನ ಬುಲೆಟ್ ರೈಲಿನ ಒಂದು ಬೋಗಿಯೂ ಇದೆ, ಒಳಗೆ ಹತ್ತಿ ಕೂರಬಹುದು.

ಇನ್ನು ಕಾಯ್ದಿರಿಸುವ ಕ್ರಮ. ಮೊದಲು ವೀಸಾ ಅರ್ಜಿ. ಅದಕ್ಕೆ ರದ್ದುಮಾಡಬಹುದಾದ ರೂಮುಗಳನ್ನು ಮಾತ್ರ ಕಾಯ್ದಿರಿಸಿ, ವಿಮಾನದ ಟಿಕೆಟ್ಟಿಗೆ ಪೂರ್ತಿ ದುಡ್ಡು ಕಟ್ಟುವುದು ವೀಸಾ ಬಂದ ಮೇಲೆ. ಮೇ ತಿಂಗಳ ಮೊದಲ ಸೋಮವಾರ ಎರಡೂ ದೇಶಗಳಲ್ಲಿ ರಜೆ, ಆ ವಾರಾಂತ್ಯ ರೂಮು ದುಬಾರಿ, ರೈಲು ಭರ್ತಿ. ಅವತ್ತು ಊರು ಬದಲಿಸದಂತೆ ದಿನ ಹೊಂದಿಸಿ. ಬ್ರಿಟನ್ನಿನ ಅಡ್ವಾನ್ಸ್ ರೈಲು ಟಿಕೆಟ್ ಪ್ರಯಾಣಕ್ಕೆ ಸುಮಾರು 12 ವಾರ ಇರುವಾಗ ಬಿಡುಗಡೆಯಾಗುತ್ತದೆ. ಅದನ್ನು ಕೊಳ್ಳುವ ಮುಂಚೆ "ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್" ತೆಗೆದುಕೊಳ್ಳಿ. 35 ಪೌಂಡ್, ಪ್ರವಾಸಿಗರಿಗೂ ಕೊಡುತ್ತಾರೆ. ನಾಲ್ಕು ದೊಡ್ಡವರು, ನಾಲ್ಕು ಮಕ್ಕಳವರೆಗೆ ನಡೆಯುತ್ತದೆ. ದೊಡ್ಡವರ ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ, 5ರಿಂದ 15ರ ಮಕ್ಕಳದ್ದರಲ್ಲಿ ಶೇ. 60 ಕಡಿತ. ಲೇಕ್ ಡಿಸ್ಟ್ರಿಕ್ಟಿನಿಂದ ಲಂಡನ್, ಯಾರ್ಕ್ ಹೋಗಿ ಬರುವುದು, ಈ ಎರಡರಲ್ಲೇ ಕಾರ್ಡಿನ ದುಡ್ಡು ಹುಟ್ಟಿ ಮಿಗುತ್ತದೆ. ಟಿಕೆಟ್ಟನ್ನು ರೈಲು ಕಂಪನಿಯ ಸ್ವಂತ ತಾಣದಲ್ಲೇ ಕೊಂಡರೆ ಬುಕಿಂಗ್ ಶುಲ್ಕ ಇಲ್ಲ. ಭಾನುವಾರಗಳಲ್ಲಿ ಹಳಿ ದುರಸ್ತಿ ಇರುವುದು ಸಾಮಾನ್ಯ, ಅಂಥ ದಿನ ರೈಲಿನ ಬದಲು ಬಸ್ಸು ಬಿಡುತ್ತಾರೆ. ವಿಂಡರ್ಮಿಯರ್‌ಗೆ ಹೋಗುವುದು, ಬರುವುದು ಎರಡೂ ಭಾನುವಾರ ಬೀಳದಂತೆ ನೋಡಿಕೊಂಡು ತಾರೀಕು ಗೊತ್ತುಮಾಡಿ.